ಬೀಳ್ಕೊಡುಗೆ ಸಿಗದ ಮೇಷ್ಟ್ರು

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಸೀನಿಯರ್‌ಗಳ ಬೀಳ್ಕೊಡುಗೆ ಸಮಾರಂಭದ ನಿರೂಪಣೆ ನನ್ನ ಪಾಲಿಗೆ ಬಂತು. ರಾತ್ರಿ ಕೂತು ಬರೆದದ್ದನ್ನು ಕನ್ನಡ ಮೇಷ್ಟ್ರಿಗೆ ತೋರಿಸಿದೆ. ‘ಇಂದು ಹಿರಿಯ ವಿದ್ಯಾರ್ಥಿಗಳು ನಮ್ಮನ್ನು ಬೀಳ್ಕೊಡುತ್ತಿದ್ದಾರೆ’ ಎಂಬ ಮೊದಲ ಸಾಲಿಗೇ ಅವರು ನಕ್ಕುಬಿಟ್ಟರು. ‘ಹೋಗ್ತಿರೋದು ಅವರೋ ನೀನೋ?’

ಆಮೇಲೆ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಹೇಳಿದರು. ಬೀಳ್ಕೊಡುವವರು ಉಳಿಯುವವರು, ಬೀಳ್ಕೊಳ್ಳುವವರು ಹೊರಡುವವರು. ಒಬ್ಬರು ಹೋಗಲು ಒಪ್ಪಿಗೆ ಕೊಡುತ್ತಾರೆ, ಇನ್ನೊಬ್ಬರು ಅದನ್ನು ಪಡೆದುಕೊಳ್ಳುತ್ತಾರೆ. ಹಳಗನ್ನಡ ಕಾವ್ಯಗಳಲ್ಲಿ ರಾಜನ ಎದುರಿನಿಂದ ಯಾರೂ ಸುಮ್ಮನೆ ಎದ್ದು ಹೋಗುವುದಿಲ್ಲ, ಬೀಳ್ಕೊಂಡು ಹೋಗುತ್ತಾರೆ.

‘ಹಾಗಾದ್ರೆ ವಿದಾಯ ಅಂತ ಹಾಕ್ಲಾ ಸರ್? ಕನ್‌ಫ್ಯೂಷನ್ನೇ ಇರಲ್ಲ.’

‘ವಿದಾಯ ಒಬ್ಬನೇ ಹೇಳಬಹುದು ಕಣೋ. 2012ರಲ್ಲಿ ದ್ರಾವಿಡ್ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದ್ರು. ಕ್ರಿಕೆಟ್ ತಿರುಗಿ ಏನಾದ್ರೂ ಹೇಳ್ತಾ? ಸಿಗರೇಟಿಗೂ ವಿದಾಯ ಹೇಳ್ತಾರೆ. ಬೀಳ್ಕೊಡುಗೆಗೆ ಇಬ್ಬರು ಬೇಕು.’

ನಮ್ಮ ಮನೆಯಲ್ಲಿ ಈ ಎರಡು ಪದವನ್ನೂ ಯಾರೂ ಬಳಸುವುದಿಲ್ಲ. ‘ಹೋಗ್ತೀನಿ’ ಅಂದರೆ ಅಜ್ಜಿ ಬೈಯುತ್ತಾಳೆ. ‘ಬರ್ತೀನಿ’ ಅನ್ನಬೇಕು. ಅವಳು ‘ಹೂಂ, ಹೋಗಿ ಬಾ’ ಅನ್ನುವವರೆಗೆ ಹೊಸಿಲು ದಾಟುವಂತಿಲ್ಲ. ಯೋಚಿಸಿದರೆ ಇದೂ ಅದೇ ಕೊಡು-ಕೊಳ್ಳು.

ಮರುವರ್ಷ ಬೇಸಿಗೆ ರಜೆ ಮುಗಿಸಿ ಹೋದಾಗ ಕನ್ನಡ ತರಗತಿಗೆ ಬೇರೊಬ್ಬರು ಬಂದರು. ನಮ್ಮ ಮೇಷ್ಟ್ರು ಅತಿಥಿ ಉಪನ್ಯಾಸಕರು. ಶೈಕ್ಷಣಿಕ ವರ್ಷದ ಜೊತೆಗೇ ಅವರ ಕೆಲಸವೂ ಮುಗಿದಿತ್ತು, ಹೊಸ ಪಟ್ಟಿಯಲ್ಲಿ ಹೆಸರಿರಲಿಲ್ಲ. ಹಾರವಿಲ್ಲ, ಶಾಲಿಲ್ಲ, ಗ್ರೂಪ್ ಫೋಟೊ ಇಲ್ಲ. ‘ಅತಿಥಿ’ ಅಂತ ಕರೆದ ಮೇಲೆ ಕಳಿಸಿಕೊಡುವ ಮರ್ಯಾದೆಯಾದರೂ ಬೇಡವೇ? ಹಾಗೆಂದು ಬೇರೆಯವರನ್ನು ದೂರಲು ನನಗೆ ಬಾಯಿಲ್ಲ. ಅವತ್ತು ನಾನು ಕೇಳಿದ್ದು ಹೊಸ ಟೈಮ್‌ಟೇಬಲ್ ಯಾವಾಗ ಸಿಗುತ್ತೆ ಅಂತ ಮಾತ್ರ. ವರ್ಷದ ಕೊನೆಗೆ ನಮ್ಮ ಬೀಳ್ಕೊಡುಗೆಯೂ ಆಯಿತು, ಹಾರ ಹಾಕಿಸಿಕೊಂಡು ಸೆಲ್ಫಿ ತೆಗೆದುಕೊಂಡೆವು.

ಹೋದ ತಿಂಗಳು ಬೆಂಗಳೂರಿಗೆ ಇಂಟರ್‌ವ್ಯೂಗೆ ಬಂದವನು, ಬಸ್ಸಿಳಿದು ಎರಡು ಗಂಟೆ ಕಾಯಬೇಕಿತ್ತು. ಹಳೆಯ ನಂಬರಿಗೆ ಫೋನ್ ಮಾಡಿದೆ. ಮೇಷ್ಟ್ರು ಊರಲ್ಲಿ ಟ್ಯೂಷನ್ ಮಾಡುತ್ತಿದ್ದಾರಂತೆ. ಅದೂ ಇದೂ ಮಾತಾದ ಮೇಲೆ ಹೇಳಿಯೇಬಿಟ್ಟೆ. ‘ಸರ್, ನಾವು ನಿಮ್ಮನ್ನ ಬೀಳ್ಕೊಡಲೇ ಇಲ್ಲ.’

ಸ್ವಲ್ಪ ಹೊತ್ತು ಮಾತಿಲ್ಲ. ‘ನಾನೂ ಬೀಳ್ಕೊಳ್ಳಲಿಲ್ಲವಲ್ಲೋ. ಅಂದ್ರೆ ಇನ್ನೂ ಅಲ್ಲೇ ಇದೀನಿ ಅಂತ ಲೆಕ್ಕ’ ಎಂದು ನಕ್ಕರು.

ಆಮೇಲೆ ಇಂಟರ್‌ವ್ಯೂ ಎಷ್ಟು ಗಂಟೆಗೆ, ತಿಂಡಿ ಆಯ್ತಾ ಅಂತ ಕೇಳಿದರು.