ರಸ್ತೆ ಕಾರಿನದ್ದಾ, ಜನರದ್ದಾ?

ಸಿಲ್ಕ್ ಬೋರ್ಡ್ ಅಂದ ತಕ್ಷಣ ಬೆಂಗಳೂರಿನವರಿಗೆ ನೆನಪಾಗೋದು ರೇಷ್ಮೆ ಅಲ್ಲ, ಟ್ರಾಫಿಕ್ ಜಾಮ್. ಪ್ರತಿ ಸರ್ಕಾರವೂ ಇದಕ್ಕೆ ಒಂದೇ ಔಷಧಿ ಹೇಳುತ್ತಾ ಬಂದಿದೆ: ಇನ್ನೊಂದು ಫ್ಲೈಓವರ್, ಇನ್ನೊಂದು ಅಂಡರ್‌ಪಾಸ್, ಈಗ ಸುರಂಗ ರಸ್ತೆ. ಆದರೆ ಕಾಯಿಲೆ ಏನು ಅಂತ ಸರಿಯಾಗಿ ಕೇಳಿದವರು ಕಡಿಮೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಬಿಎಂಟಿಸಿ ಬಸ್ಸಿನ ಉದ್ದ ಸುಮಾರು 12 ಮೀಟರ್. ಅಷ್ಟೇ ಉದ್ದದಲ್ಲಿ ಮೂರು ಕಾರು ನಿಲ್ಲುತ್ತವೆ. ಆಫೀಸ್ ಟೈಮಲ್ಲಿ ಆ ಮೂರು ಕಾರುಗಳಲ್ಲಿ ಎಷ್ಟು ಜನ ಇರ್ತಾರೆ? ಹೆಚ್ಚೆಂದರೆ ನಾಲ್ಕೈದು. ಬಸ್ಸಿನಲ್ಲಿ? ಐವತ್ತು, ಅರವತ್ತು. ಸಿಗ್ನಲ್ ಹಸಿರಾದಾಗ ನಾವು ಎಣಿಸುವುದು ಎಷ್ಟು ವಾಹನ ದಾಟಿದವು ಅಂತ. ಎಣಿಸಬೇಕಾದದ್ದು ಎಷ್ಟು ಜನ ದಾಟಿದರು ಅಂತ. ಇದು ನನ್ನ ಮಾತಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳೇ ಇದು: ರಸ್ತೆಯ ಜಾಗ ಹಂಚಬೇಕಾದದ್ದು ಜನರಿಗೆ, ವಾಹನಗಳಿಗಲ್ಲ. ನೀತಿ ಕಾಗದದಲ್ಲಿದೆ. ರಸ್ತೆಯಲ್ಲಿ?

ಪ್ರಯತ್ನವೇ ಆಗಲಿಲ್ಲ ಅಂತಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಅಂತಲೇ ಒಂದು ಪಥ ಬಿಟ್ಟರು. ಮರುವರ್ಷ ಅದೇ ರಸ್ತೆಯಲ್ಲಿ ಸೈಕಲ್ ಪಥವೂ ಬಂತು. ಆಮೇಲೆ ಕೋವಿಡ್, ಆಮೇಲೆ ಮೆಟ್ರೋ ಕಾಮಗಾರಿ. ಎರಡೂ ಪಥಗಳು ಹೇಳಹೆಸರಿಲ್ಲದಂತಾದವು. ಜಾಗ ಕಮ್ಮಿಯಾದಾಗ ಮೊದಲು ಕೈಬಿಟ್ಟದ್ದು ಯಾರನ್ನ, ಗಮನಿಸಿ. ಬಸ್ಸಿನವರನ್ನ, ಸೈಕಲ್‌ನವರನ್ನ.

ಹುಬ್ಬಳ್ಳಿ-ಧಾರವಾಡದ ಕಥೆ ಬೇರೆ. ಅವಳಿ ನಗರಗಳ ನಡುವೆ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ ಮಾರ್ಗ, ಅದರಲ್ಲಿ ಚಿಗರಿ ಬಸ್ಸುಗಳು 2018ರಿಂದ ಓಡುತ್ತಿವೆ. ಬಸ್ಸಿಗೆ ಪಥ ಸಿಕ್ಕಿತು, ನಿಜ. ಆದರೆ ಪಕ್ಕದ ರಸ್ತೆ ಕಿರಿದಾಯ್ತು, ರಸ್ತೆ ದಾಟೋದು ಕಷ್ಟ ಆಯ್ತು ಅನ್ನೋ ದೂರೂ ಇದೆ. ಆ ದೂರನ್ನು ತಳ್ಳಿಹಾಕುವಂತಿಲ್ಲ. ದೆಹಲಿಯಲ್ಲಿ 2008ರಲ್ಲಿ ಶುರುವಾದ ಬಸ್ ಕಾರಿಡಾರನ್ನು ಇಂಥದ್ದೇ ಸಿಟ್ಟಿನ ನಡುವೆ 2016ರಲ್ಲಿ ಕಿತ್ತುಹಾಕಿದರು. ಪಥ ಬಿಟ್ಟರೆ ಸಾಲದು, ಫುಟ್‌ಪಾತ್, ಕ್ರಾಸಿಂಗ್, ಸಿಗ್ನಲ್ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು ಅನ್ನೋದು ಇದರ ಪಾಠ.

ಹಾಗಾದರೆ ಕಾರು ಇಟ್ಟುಕೊಂಡವರು ಕಳ್ಳರಾ? ಖಂಡಿತ ಅಲ್ಲ. ವಯಸ್ಸಾದ ಅಪ್ಪ-ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ರಾತ್ರಿ ಪಾಳಿ ಮುಗಿಸಿ ಹೆಣ್ಣುಮಗಳು ಮನೆ ಸೇರಬೇಕು. ಬಸ್ ಯಾವಾಗ ಬರುತ್ತೆ ಗೊತ್ತಿಲ್ಲ, ಮೆಟ್ರೋ ಸ್ಟೇಷನ್‌ವರೆಗೆ ನಡೆಯೋಕೆ ಫುಟ್‌ಪಾತ್ ಇಲ್ಲ. ಜನ ಸಾಲ ಮಾಡಿ ಗಾಡಿ ತಗೊಳ್ಳೋದು ಬರೀ ಶೋಕಿಗಲ್ಲ, ಬೇರೆ ದಾರಿ ಇಲ್ಲದ್ದಕ್ಕೂ ಹೌದು. ಬೆಂಗಳೂರಿನ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅದರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನಗಳದ್ದು.

ಆದರೆ ಇನ್ನೊಂದು ಲೆಕ್ಕವೂ ಇದೆ. ಹತ್ತಡಿಗೆ ಹತ್ತಡಿ ರೂಮಿಗೆ ಸಾವಿರಾರು ರೂಪಾಯಿ ಬಾಡಿಗೆ ಕಟ್ಟುವ ಊರಿದು. ಅದೇ ಊರಿನ ಬಹುಪಾಲು ಬೀದಿಗಳಲ್ಲಿ ಒಂದು ಕಾರು ಹೆಚ್ಚೂಕಮ್ಮಿ ಅಷ್ಟೇ ಜಾಗದಲ್ಲಿ ದಿನವಿಡೀ ಬಿಟ್ಟಿಯಾಗಿ ನಿಲ್ಲುತ್ತೆ. ಆ ಜಾಗದ ಬಾಡಿಗೆ ಯಾರು ಕೊಡ್ತಿದ್ದಾರೆ? ಫುಟ್‌ಪಾತ್ ಕಳೆದುಕೊಂಡು ರಸ್ತೆಗಿಳಿದು ನಡೆಯುವವರು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಮಹಿಳೆಯರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಫ್ರೀ ಆಯ್ತು. ಒಳ್ಳೆಯದೇ. ಆದರೆ ಅದೇ ಬಸ್ಸು ಒಬ್ಬೊಬ್ಬರೇ ಕೂತ ಕಾರುಗಳ ಹಿಂದೆ ಒಂದು ಗಂಟೆ ನಿಂತರೆ? ಮನೆಗೆಲಸಕ್ಕೆ ಹೋಗುವ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಲೇಟಾಗಿ ಬಂದರೆ ಕೂಲಿ ಹೋಗುತ್ತೆ. ಟಿಕೆಟ್ ಫ್ರೀ ಆಯ್ತು, ಟೈಮ್ ಆಗಲಿಲ್ಲ.

ಕ್ರಮ ಸರಿಮಾಡಿಕೊಳ್ಳಬೇಕು, ಅಷ್ಟೇ. ಮೊದಲು ಸಾಕಷ್ಟು ಬಸ್, ಅವಕ್ಕೆ ಅಡ್ಡಿಯಿಲ್ಲದ ಪಥ. ಜೊತೆಗೆ ಪ್ರತಿ ಮೆಟ್ರೋ ಸ್ಟೇಷನ್ ಸುತ್ತ ನಡೆಯುವಂಥ ಫುಟ್‌ಪಾತ್, ಸೈಕಲ್ ನಿಲ್ಲಿಸೋಕೆ ಜಾಗ. ಆಮೇಲೆ ಪಾರ್ಕಿಂಗ್‌ಗೆ ಶುಲ್ಕ. ಇದನ್ನು ತಿರುವುಮುರುವು ಮಾಡಿದರೆ ಜನ ಬೈತಾರೆ, ಬೈಯೋದು ನ್ಯಾಯವೇ.

ಮುಂದಿನ ಸಲ ನಿಮ್ಮ ಏರಿಯಾಕ್ಕೆ ಯಾರಾದರೂ ಹೊಸ ಫ್ಲೈಓವರ್ ತರ್ತೀವಿ ಅಂದರೆ ಒಂದೇ ಒಂದು ಪ್ರಶ್ನೆ ಕೇಳಿ: ಸ್ವಾಮಿ, ಇದರ ಮೇಲೆ ಗಂಟೆಗೆ ಎಷ್ಟು ಜನ ಹೋಗ್ತಾರೆ? ಗಾಡಿಗಳ ಲೆಕ್ಕ ಕೊಟ್ಟರೆ ಒಪ್ಪಬೇಡಿ. ಜನರ ಲೆಕ್ಕ ಕೊಡಲಿ.