ಸಾವಿನ ಲೆಕ್ಕ ಬರೆದವರು ಯಾರು?

ಹಿಟ್ನಾಳ ಕ್ರಾಸಿನಿಂದ ಒಂದು ದಾರಿ ಹೊಸಪೇಟೆಗೆ ಹೋಗುತ್ತದೆ, ಒಂದು ಕೊಪ್ಪಳ, ಗದಗ, ಹುಬ್ಬಳ್ಳಿಯ ಕಡೆಗೆ, ಇನ್ನೊಂದು ಕುಷ್ಟಗಿಯ ಕಡೆಗೆ. ನೂರಿಪ್ಪತ್ತು ವರ್ಷದ ಹಿಂದೆ ಈ ದಾರಿಗಳ ತುದಿಯಲ್ಲಿ ಬೇರೆ ಬೇರೆ ಸರಕಾರಗಳಿದ್ದವು. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಪಶ್ಚಿಮಕ್ಕೆ ಗದಗ ಮುಟ್ಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಕುಷ್ಟಗಿ, ಗಂಗಾವತಿ ಹೈದರಾಬಾದಿನ ನಿಜಾಮರವು. ಕೊಪ್ಪಳ, ಯಲಬುರ್ಗಾ ಸೀಮೆ ಅದೇ ನಿಜಾಮ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು.

1880ರ ದಶಕದಲ್ಲಿ ಬಂದ ಸದರ್ನ್ ಮರಾಠಾ ರೈಲು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಗಳನ್ನು ಒಂದೇ ಹಳಿಗೆ ಪೋಣಿಸಿತು. ಜನ, ಅರಳೆ, ಕಾಳು, ಅವುಗಳ ಜೊತೆಗೆ ಬೇನೆ, ಎಲ್ಲವೂ ಆ ಹಳಿಯ ಮೇಲೆ ಓಡಾಡಿದವು. ಬೇನೆಯಿಂದ ಸತ್ತವರ ಲೆಕ್ಕ ಮಾತ್ರ ಹೊಳೆಯ ಆಚೆ ಒಂದು ಬಗೆ, ಈಚೆ ಇನ್ನೊಂದು ಬಗೆ. ಹಳೆಯ ಗೆಜೆಟಿಯರಿನಲ್ಲೋ ವರದಿಯಲ್ಲೋ ‘ಸಾವಿರಕ್ಕೆ ಇಷ್ಟು ಸಾವು’ ಎಂಬ ಅಂಕಿ ಕಂಡಾಗ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು? ಆ ಅಂಕಿಯನ್ನು ಬರೆದವರು ಯಾರು, ಅವರನ್ನು ನೇಮಿಸಿದವರು ಯಾರು, ಯಾವ ಕೆಲಸಕ್ಕೆಂದು ನೇಮಿಸಿದರು ಎಂಬುದನ್ನು ತಿಳಿದರೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ.

ಬುಡದಿಂದ ಹೊರಡೋಣ. ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ತಳವಾರನಿಂದ ಗೌಡರಿಗೆ, ಕುಲಕರ್ಣಿಗೆ ಮುಟ್ಟುತ್ತಿತ್ತು. ಕುಲಕರ್ಣಿ ಅದನ್ನು ವಹಿಯಲ್ಲಿ ಬರೆದು ಮಾಮಲೇದಾರರ ಕಚೇರಿಗೆ ಕಳಿಸುತ್ತಿದ್ದರು. ಬಳ್ಳಾರಿ ಸೀಮೆಯಲ್ಲಿ ಬರೆಯುವ ಕೆಲಸ ಕರಣಂ ಪಾಲಿಗಿತ್ತು. ಅಲ್ಲಿಂದ ತಹಶೀಲ್ದಾರರ ಕಚೇರಿ, ಜಿಲ್ಲೆ, ಕೊನೆಗೆ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್. ಜನನ ಮರಣ ನೋಂದಣಿಗೆ ಮದ್ರಾಸ್ ಪ್ರಾಂತ್ಯ 1899ರಲ್ಲಿ ತನ್ನದೇ ಕಾಯ್ದೆ ಮಾಡಿತು.

ಇವರಲ್ಲಿ ಯಾರೂ ವೈದ್ಯರಲ್ಲ. ಸಾವಿನ ಕಾರಣ ಬರೆಯಲು ಅವರ ಮುಂದೆ ಇದ್ದದ್ದು ಕೆಲವೇ ಕಲಮುಗಳು: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಗಾಯ, ಉಳಿದದ್ದು. ಪ್ಲೇಗ್ ಬಂದ ಮೇಲೆ ಅದಕ್ಕೂ ಒಂದು ಕಲಮು ಸೇರಿತು. ವಾಂತಿಭೇದಿಯಾಗಿ ಒಂದೇ ದಿನದಲ್ಲಿ ಸತ್ತರೆ ಕಾಲರಾ ಎಂದು ಯಾರಾದರೂ ಗುರುತಿಸಬಲ್ಲರು. ಮೈಮೇಲೆ ಗುಳ್ಳೆ ಎದ್ದರೆ ಸಿಡುಬು. ಮಲೇರಿಯಾ, ವಿಷಮಶೀತ, ನ್ಯುಮೋನಿಯಾ, ಕ್ಷಯ, ಬಾಣಂತಿಯ ನಂಜು ಇವೆಲ್ಲ ಬಹುಪಾಲು ಹೋಗಿ ಸೇರಿದ್ದು ‘ಜ್ವರ’ದ ಕಲಮಿಗೆ. ಆದ್ದರಿಂದ ಆ ಕಾಲದ ಕೋಷ್ಟಕಗಳಲ್ಲಿ ಕಾಲರಾ ಮತ್ತು ಸಿಡುಬಿನ ಏರಿಳಿತವನ್ನು ತಕ್ಕಮಟ್ಟಿಗೆ ನಂಬಬಹುದು. ಜ್ವರದ ಅಂಕಿಯನ್ನು ಒಂದು ರೋಗದ ಅಂಕಿ ಎಂದು ಓದಲೇಬಾರದು.

ಈ ಅಂಕಿಗಳು ಕೊನೆಗೆ ಯಾರ ಮೇಜಿಗೆ ಹೋಗುತ್ತಿದ್ದವು? ಬಹುತೇಕ ಯಾವಾಗಲೂ ಇಂಡಿಯನ್ ಮೆಡಿಕಲ್ ಸರ್ವಿಸ್‌ನ, ಅಂದರೆ ಐ.ಎಂ.ಎಸ್.ನ ಅಧಿಕಾರಿಯ ಮೇಜಿಗೆ. ಇದಕ್ಕೆ 1855ರಿಂದ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ನಡೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ನಿಯಮದಂತೆ ವಯಸ್ಸು 21ರಿಂದ 28. ಬ್ರಿಟನ್ನಿನಲ್ಲಿ ನೋಂದಣಿಗೆ ಅರ್ಹವಾದ ವೈದ್ಯಪದವಿ ಬೇಕು. ಗೆದ್ದವರಿಗೆ ಕೆಲವು ತಿಂಗಳು ಸೈನ್ಯದ ವೈದ್ಯಶಾಲೆಯಲ್ಲಿ ತರಬೇತಿ, ಆಮೇಲೆ ಲೆಫ್ಟಿನೆಂಟ್ ದರ್ಜೆ. ಮೂರು ವರ್ಷಕ್ಕೆ ಕ್ಯಾಪ್ಟನ್, ಹನ್ನೆರಡಕ್ಕೆ ಮೇಜರ್, ಇಪ್ಪತ್ತಕ್ಕೆ ಲೆಫ್ಟಿನೆಂಟ್ ಕರ್ನಲ್. ಬಂಗಾಳ, ಮದ್ರಾಸ್, ಮುಂಬಯಿಗಳ ಬೇರೆ ಬೇರೆ ಪಟ್ಟಿಗಳು 1896ರಲ್ಲಿ ಒಂದಾದವು. ಕಾಗದದ ಮೇಲೆ ಭಾರತೀಯರಿಗೂ ಪರೀಕ್ಷೆ ತೆರೆದಿತ್ತು. ಮೊದಲ ವರ್ಷವೇ ಬಂಗಾಳದ ಸೂರ್ಯಕುಮಾರ ಚಕ್ರವರ್ತಿ ಆಯ್ಕೆಯಾದರು. ಆದರೆ ಬರೆಯಲು ಹಡಗು ಹತ್ತಿ ಲಂಡನ್ನಿಗೇ ಹೋಗಬೇಕಿತ್ತು. ಮೊದಲ ಮಹಾಯುದ್ಧದ ಹೊತ್ತಿಗೂ ಭಾರತೀಯರ ಪಾಲು ತೀರಾ ಕಡಿಮೆ.

ಇಲ್ಲಿ ಗಮನಿಸಬೇಕಾದದ್ದು ಆ ದರ್ಜೆಗಳ ಹೆಸರು. ಐ.ಎಂ.ಎಸ್. ಮೂಲತಃ ಸೈನ್ಯದ ಸೇವೆ. ಹೊಸ ಅಧಿಕಾರಿ ಮೊದಲು ಯಾವುದಾದರೂ ಪಡೆಯ ಜೊತೆ ದುಡಿದು, ಆಮೇಲೆ ಸಿವಿಲ್ ಕಡೆಗೆ ಎರವಲು ಬರುತ್ತಿದ್ದ. ಜಿಲ್ಲೆಯ ಸಿವಿಲ್ ಸರ್ಜನ್, ಜೈಲಿನ ಮೇಲ್ವಿಚಾರಕ, ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ, ಸ್ಯಾನಿಟರಿ ಕಮಿಷನರ್, ಹೈದರಾಬಾದಿನಂಥ ಸಂಸ್ಥಾನದಲ್ಲಿ ರೆಸಿಡೆನ್ಸಿ ಸರ್ಜನ್, ಎಲ್ಲ ಹುದ್ದೆಗೂ ಅದೇ ಪಟ್ಟಿ. ಶಾಂತಿಕಾಲದಲ್ಲಿ ಊರು ನೋಡಿಕೊಳ್ಳುವವರು ಯುದ್ಧ ಬಂದರೆ ಸೈನ್ಯಕ್ಕೆ ಮರಳಬೇಕು ಎಂಬುದೇ ಏರ್ಪಾಟಿನ ಲೆಕ್ಕಾಚಾರ. ನನ್ನ ದೃಷ್ಟಿಯಲ್ಲಿ ಆ ಕಾಲದ ಆರೋಗ್ಯಾಡಳಿತದ ದೋಷಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟಿದವು.

ರೊನಾಲ್ಡ್ ರಾಸ್ ಅವರ ವರ್ಗಾವಣೆಗಳನ್ನು ನೋಡಿ. 1881ರಲ್ಲಿ ಸೇವೆಗೆ ಸೇರಿದವರು 1883ರಲ್ಲಿ ಬೆಂಗಳೂರಿನಲ್ಲಿದ್ದರು. 1895ರಲ್ಲಿ ಕಾಲರಾ ಹತೋಟಿಗೆಂದು ಮತ್ತೆ ಬೆಂಗಳೂರಿಗೆ ಬಂದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಮುಂದಿನ ಹೆಜ್ಜೆ ಇಡುವ ಮೊದಲೇ ರಾಜಪುತಾನದ ಖೇರವಾಡಕ್ಕೆ ವರ್ಗ. ಕಲ್ಕತ್ತೆಗೆ ಹೋದ ಮೇಲೆ, 1898ರಲ್ಲಿ, ಆ ಕೆಲಸ ಮುಂದೆ ಸಾಗಿತು; 1902ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡ ಶೋಧಕ್ಕೇ ಹೀಗಾದರೆ, ಒಂದು ಜಿಲ್ಲೆಯ ಜ್ವರದ ಗುಟ್ಟು ಬಿಡಿಸಲು ಸಿವಿಲ್ ಸರ್ಜನ್ನನಿಗೆ ಎಷ್ಟು ಸಮಯ ಸಿಕ್ಕೀತು?

ಮೇಲಿನವರು ಹೀಗೆ ಬಂದು ಹೋಗುತ್ತಿದ್ದಾಗ ಕೆಳಗೆ ನಿಜವಾಗಿ ಕೆಲಸ ನಡೆಸಿದವರು ಇಲ್ಲಿಯ ಕಾಲೇಜುಗಳಲ್ಲಿ ಓದಿದ ಅಸಿಸ್ಟೆಂಟ್ ಸರ್ಜನ್ನರು, ಹಾಸ್ಪಿಟಲ್ ಅಸಿಸ್ಟೆಂಟರು, ದೇವಿ ಹಾಕುವವರು. ಅವರಿಗೆ ಮೇಲಕ್ಕೇರುವ ದಾರಿ ಕಿರಿದಾಗಿತ್ತು. ಸಂಸ್ಥಾನಗಳ ನೇಮಕದಲ್ಲಿ ಬೇರೆ ಗೋಡೆಗಳಿದ್ದವು. ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಡಾ. ಪಲ್ಪು ಅವರಿಗೆ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಹತ್ತಿರ ಹೋಗಲು ಜನ ಹೆದರುತ್ತಿದ್ದ ಪ್ಲೇಗ್ ಶಿಬಿರದಲ್ಲಿ ನಿಂತು ದುಡಿದವರು ಅವರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯ ಓದಿ ಬಂದರು. ಪಟ್ಟಣಗಳಿಗೆ ತರಬೇತಾದ ಹೆಲ್ತ್ ಆಫೀಸರ್ ಬೇಕು ಎಂದು ಭಾರತ ಸರಕಾರ ವಿವರವಾದ ನಿರ್ಣಯ ಹೊರಡಿಸಿದ್ದು 1912ರಲ್ಲಿ.

ಇನ್ನು ಲೆಕ್ಕಕ್ಕೆ ಬರೋಣ. ಮರಣ ಪ್ರಮಾಣ ಎಂದರೆ ಸರಳ ಭಾಗಾಕಾರ: ಮೇಲೆ ಸತ್ತವರ ಸಂಖ್ಯೆ, ಕೆಳಗೆ ಊರಿನ ಜನಸಂಖ್ಯೆ, ಬಂದದ್ದನ್ನು ಸಾವಿರಕ್ಕೆ ಏರಿಸುವುದು. ಎಲ್ಲರ ಕಣ್ಣೂ ಮೇಲಿನ ಸಂಖ್ಯೆಯ ಮೇಲಿರುತ್ತದೆ. ಪಟ್ಟಣಗಳಲ್ಲಿ ಲೆಕ್ಕ ಹೆಚ್ಚು ತಪ್ಪಿದ್ದು ಕೆಳಗಿನದರಲ್ಲಿ.

ಇಲಿ ಬಿದ್ದರೆ ಊರು ಬಿಡಬೇಕೆಂಬುದು ಪ್ಲೇಗಿನ ಕಾಲದ ತಿಳಿವಳಿಕೆ. ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ನೆಂಟರ ಹಳ್ಳಿಗೆ ಹೋದರು. 1891ರಲ್ಲಿ ಬೆಂಗಳೂರು ನಗರ ಮತ್ತು ದಂಡು ಸೇರಿ 1,80,366 ಜನ, 1901ರಲ್ಲಿ 1,59,046. ಈ ಇಳಿಕೆಯಲ್ಲಿ ಸತ್ತವರೂ ಇದ್ದಾರೆ, ಊರು ಬಿಟ್ಟವರೂ ಇದ್ದಾರೆ. ಜನಗಣತಿಯೊಂದರಿಂದಲೇ ಇಬ್ಬರನ್ನೂ ಬೇರೆ ಮಾಡಲಾಗದು.

ಒಂದು ಕಲ್ಪಿತ ಪಟ್ಟಣದಿಂದ ಇದನ್ನು ತಿಳಿಯಬಹುದು. ಗಣತಿಯಂತೆ ಅಲ್ಲಿ 10,000 ಜನ. ಪ್ಲೇಗಿಗೆ ಹೆದರಿ 6,000 ಮಂದಿ ಹೋದರು. ಉಳಿದ 4,000ದಲ್ಲಿ ಒಂದು ತಿಂಗಳಿಗೆ 200 ಸಾವು. ಗಣತಿಯ ಸಂಖ್ಯೆಯಿಂದ ಭಾಗಿಸಿದರೆ ತಿಂಗಳಿಗೆ ಸಾವಿರಕ್ಕೆ 20. ಊರಲ್ಲಿ ನಿಜವಾಗಿ ಇದ್ದವರಿಂದ ಭಾಗಿಸಿದರೆ 50. ಅದನ್ನೇ ಹನ್ನೆರಡರಿಂದ ಗುಣಿಸಿ ವಾರ್ಷಿಕ ಪ್ರಮಾಣವೆಂದು ಬರೆದರೆ ಒಂದು ಕಡೆ 240, ಇನ್ನೊಂದು ಕಡೆ 600. ಹೋದ 6,000 ಜನರಲ್ಲಿ ಸತ್ತವರು ಬೇರೆ ಹಳ್ಳಿಯ ವಹಿಗೆ ಸೇರುತ್ತಾರೆ. ಆ ಹಳ್ಳಿ ಹೊಳೆಯ ಈಚೆ ಇದ್ದರೆ ಬ್ರಿಟಿಷ್ ಪ್ರಾಂತ್ಯದ ಕೋಷ್ಟಕದಲ್ಲಿ ಅವರ ಸುಳಿವೇ ಇರುವುದಿಲ್ಲ, ಏಕೆಂದರೆ ಆ ಕೋಷ್ಟಕಗಳು ಸಂಸ್ಥಾನಗಳನ್ನು ಬಿಟ್ಟೇ ತಯಾರಾಗುತ್ತಿದ್ದವು.

ಲೆಕ್ಕದ ಇದೇ ಕಗ್ಗಂಟು ಹುಬ್ಬಳ್ಳಿಯಲ್ಲಿ ಜಗತ್ತಿನ ಗಮನ ಸೆಳೆಯಿತು. 1898ರಲ್ಲಿ ಐ.ಎಂ.ಎಸ್.ನ ಲ್ಯೂಮನ್ ಸುಮಾರು 50 ಸಾವಿರ ಜನರಿದ್ದ ಆ ಊರಿನಲ್ಲಿ ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆಯನ್ನು 30 ಸಾವಿರಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ಆ ಕಾಲಕ್ಕೆ ಇದು ಅಸಾಧಾರಣ ಸಾಧನೆ. ಹುಬ್ಬಳ್ಳಿಯ ಜನ ತೋರಿದ ಧೈರ್ಯವೂ ಅಷ್ಟೇ ದೊಡ್ಡದು. ಲಸಿಕೆಯಿಂದ ಎಷ್ಟು ಪ್ರಯೋಜನವಾಯಿತು ಎಂಬುದನ್ನು ಹೇಳಲು ಮಾತ್ರ ಜಾಗ್ರತೆ ಬೇಕಿತ್ತು, ಏಕೆಂದರೆ ಲಸಿಕೆ ಹಾಕಿಸಿಕೊಂಡವರ ಗುಂಪು ವಾರವಾರಕ್ಕೆ ಬೆಳೆಯುತ್ತಿತ್ತು, ಹಾಕಿಸಿಕೊಳ್ಳದವರ ಗುಂಪು ಕರಗುತ್ತಿತ್ತು.

ಮತ್ತೆ ಕಲ್ಪಿತ ಉದಾಹರಣೆ. 2,000 ಜನರ ಊರು. ಋತು ಮುಗಿಯುವಾಗ 1,800 ಮಂದಿಗೆ ಲಸಿಕೆಯಾಗಿದೆ, 200 ಮಂದಿ ಉಳಿದಿದ್ದಾರೆ. ಲಸಿಕೆಯಾದವರಲ್ಲಿ 18 ಸಾವು, ಆಗದವರಲ್ಲಿ 60. ಕೊನೆಯ ದಿನದ ಸಂಖ್ಯೆಯಿಂದ ಭಾಗಿಸಿದರೆ ಶೇ 1 ಮತ್ತು ಶೇ 30. ಲಸಿಕೆ ಮೂವತ್ತು ಪಟ್ಟು ಕಾಪಾಡಿತು ಎಂದಂತಾಯಿತು. ಆದರೆ ಆ 60 ಸಾವುಗಳಲ್ಲಿ ಹೆಚ್ಚಿನವು ಆದದ್ದು ಮೊದಲ ವಾರಗಳಲ್ಲಿ, ಇನ್ನೂ ಬಹಳ ಮಂದಿ ಲಸಿಕೆ ಹಾಕಿಸಿಕೊಳ್ಳದಿದ್ದಾಗ. ಇಡೀ ಋತುವಿನ ವಾರದ ಸರಾಸರಿ ತೆಗೆದರೆ ಎರಡೂ ಗುಂಪಿನಲ್ಲಿ ಸಾವಿರ ಸಾವಿರ ಜನ ಇದ್ದರು ಎನ್ನಿ. ಆಗ ಶೇ 1.8 ಮತ್ತು ಶೇ 6. ರಕ್ಷಣೆ ನಿಜವೇ, ಆದರೆ ಮೂರು ಪಟ್ಟಿಗೆ ತುಸು ಹೆಚ್ಚು, ಮೂವತ್ತು ಪಟ್ಟಲ್ಲ. ಟಿ. ಆರ್. ಫ್ರೇಸರ್ ಅವರ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ ಇಂಥ ಅಂಕಿಗಳನ್ನೆಲ್ಲ ಜಾಲಾಡಿ, ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆ, ಪೂರ್ಣ ರಕ್ಷಣೆ ಇಲ್ಲ ಎಂಬ ತೀರ್ಮಾನಕ್ಕೆ ಬಂತು. ಇಂದಿಗೂ ಯಾವುದೇ ಲಸಿಕೆಯ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆ ಇದೇ: ಕೆಳಗಿನ ಸಂಖ್ಯೆಯನ್ನು ಯಾವ ದಿನದ್ದೆಂದು ಹಿಡಿದಿದ್ದಾರೆ?

ಇಡೀ ಏರ್ಪಾಟು ಕುಸಿದದ್ದು 1918ರಲ್ಲಿ. ಇನ್‌ಫ್ಲುಯೆಂಜಾದ ಭೀಕರ ಅಲೆ ಬಂದದ್ದು ಮಳೆಗಾಲದ ಕೊನೆಗೆ. ಸಿವಿಲ್ ಹುದ್ದೆಗಳಲ್ಲಿದ್ದ ಐ.ಎಂ.ಎಸ್. ಅಧಿಕಾರಿಗಳಲ್ಲಿ ಬಹಳ ಮಂದಿ ಯುದ್ಧಕ್ಕೆ ಹೋಗಿಯಾಗಿತ್ತು. ಸುದ್ದಿ ಮುಟ್ಟಿಸುವ ತಳವಾರ, ಬರೆಯುವ ಕುಲಕರ್ಣಿ ತಾವೇ ಹಾಸಿಗೆ ಹಿಡಿದರು. ವಹಿಯಲ್ಲಿ ಇನ್‌ಫ್ಲುಯೆಂಜಾಕ್ಕೆ ಕಲಮೇ ಇಲ್ಲ. ಸಾವುಗಳೆಲ್ಲ ಜ್ವರಕ್ಕೋ ಉಸಿರಿನ ಬೇನೆಗೋ ಸೇರಿದವು. ಹಾಗಾಗಿ ಭಾರತ ಸರಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಬೇರೆ ದಾರಿ ಹಿಡಿದರು: ಹಿಂದಿನ ವರ್ಷಗಳ ಇದೇ ತಿಂಗಳುಗಳಲ್ಲಿ ಸರಾಸರಿ ಎಷ್ಟು ಸಾವು, ಈ ಸಲ ಅದಕ್ಕಿಂತ ಎಷ್ಟು ಹೆಚ್ಚು ಎಂದು ಕಳೆಯುವುದು. ಕೊರೊನಾ ಕಾಲದಲ್ಲಿ ‘ಹೆಚ್ಚುವರಿ ಸಾವು’ ಎಂದು ನಾವೆಲ್ಲ ಕೇಳಿದ್ದು ಇದೇ ಪದ್ಧತಿಯನ್ನು. ಅವರ ಅಂದಾಜು ಇಡೀ ದೇಶಕ್ಕೆ ಸುಮಾರು 60 ಲಕ್ಷ. 1921ರ ಜನಗಣತಿ ಬಂದಾಗ ಅದು ಸುಮಾರು ಎರಡರಷ್ಟಾಯಿತು.

ನಮ್ಮ ಸೀಮೆಯ ಸುಳಿವು ಸಿಗುವುದೂ ಆ ಗಣತಿಯಲ್ಲೇ, ಏಕೆಂದರೆ ಗಣತಿ ಸಂಸ್ಥಾನಗಳನ್ನು ಬಿಡಲಿಲ್ಲ. ಹೈದರಾಬಾದ್ ರಾಜ್ಯದಲ್ಲಿ 1911ರಲ್ಲಿ 1 ಕೋಟಿ 33 ಲಕ್ಷ 74 ಸಾವಿರ ಜನ. 1921ರಲ್ಲಿ 1 ಕೋಟಿ 24 ಲಕ್ಷ 72 ಸಾವಿರ. ಹುಟ್ಟಿದವರನ್ನೆಲ್ಲ ಸೇರಿಸಿಯೂ ಒಂಬತ್ತು ಲಕ್ಷ ಕಡಿಮೆ. ಅದೇ ಹತ್ತು ವರ್ಷದಲ್ಲಿ ಮೈಸೂರು ಸಂಸ್ಥಾನ ಸುಮಾರು ಶೇ 3ರಷ್ಟು ಬೆಳೆದಿತ್ತು. ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾದ ಮನೆತನಗಳ ವಂಶಾವಳಿ ಬರೆಯುವವರು ಆ ವರ್ಷಗಳ ಹತ್ತಿರ ಒಂದೇ ಮನೆಯಲ್ಲಿ ಹಲವು ಹೆಸರು ನಿಂತುಹೋದದ್ದನ್ನು ಕಂಡರೆ, ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಅದು ಯಾವ ಸರಕಾರಿ ಕೋಷ್ಟಕಕ್ಕಿಂತಲೂ ಕಡಿಮೆಯ ದಾಖಲೆಯಲ್ಲ.

ಐ.ಎಂ.ಎಸ್. 1947ರಲ್ಲಿ ಮುಗಿಯಿತು. ಇಡೀ ದೇಶಕ್ಕೆ ನೋಂದಣಿಯನ್ನು ಕಡ್ಡಾಯ ಮಾಡಿದ್ದು 1969ರ ಜನನ ಮರಣ ನೋಂದಣಿ ಕಾಯ್ದೆ. ಸಾವಾದ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ದಂಡ, ಅನುಮತಿ ಸೇರುತ್ತವೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಎಷ್ಟು ಸಾವು ಎಂಬ ಲೆಕ್ಕ ಈಗ ಬಹಳ ಸುಧಾರಿಸಿದೆ. ಯಾಕೆ ಸತ್ತರು ಎಂಬುದು ಅಷ್ಟು ಸುಧಾರಿಸಿಲ್ಲ: 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ.

ಆಸ್ಪತ್ರೆಯಲ್ಲಿ ಸಾವಾದರೆ ವೈದ್ಯರು ತುಂಬುವ ನಮೂನೆಯಲ್ಲಿ ಕಾರಣಗಳನ್ನು ಸಾಲಾಗಿ ಬರೆಯಬೇಕು: ಕೊನೆಗೆ ಏನಾಯಿತು, ಅದಕ್ಕೆ ಏನು ದಾರಿಯಾಯಿತು, ಎಲ್ಲಕ್ಕೂ ಬುಡದಲ್ಲಿ ಯಾವ ರೋಗವಿತ್ತು. ಹೆಂಗಸರ ಸಾವಾದರೆ ಬಸಿರು, ಹೆರಿಗೆಗೆ ಸಂಬಂಧವಿತ್ತೇ ಎಂಬ ಪ್ರಶ್ನೆಯೂ ಅದರಲ್ಲಿದೆ. ‘ಹೃದಯ ನಿಂತಿತು’ ಎಂದಷ್ಟೇ ಬರೆದರೆ ಕಾರಣ ಬರೆದಂತಾಗುವುದಿಲ್ಲ. ಮನೆಯಲ್ಲಿ ತೀರಿಕೊಂಡವರಿಗೂ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿದ್ದರೆ, ಅವರಿಂದ ಇಂಥದೇ ನಮೂನೆ ಪಡೆಯಬಹುದು. ಅದಕ್ಕೆ ಹಣ ಕೊಡಬೇಕಿಲ್ಲ. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇತ್ತು, ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ, ಹೊಲಕ್ಕೆ ಔಷಧ ಹೊಡೆದು ಬಂದ ಮೇಲೆ ಸಂಕಟವಾಯಿತೇ ಎಂಬುದನ್ನು ಮನೆಯವರು ಆಗಲೇ ಹೇಳಬೇಕು, ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಬೇಕು.