ನೆಲದ ಮೇಲೆ ಹಾರಿದ ತೇಜಸ್

೨೦೦೧ನೆಯ ಇಸವಿ ಜನವರಿ ೪ರಂದು ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ, ಮುಂದೆ ‘ತೇಜಸ್’ ಎಂದು ಹೆಸರು ಪಡೆದ ಲಘು ಯುದ್ಧವಿಮಾನವು ಮೊದಲ ಸಲ ಮೇಲೇರಿತು. ಅದನ್ನು ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್. ಹಾರಾಟ ಹದಿನೆಂಟು ನಿಮಿಷಗಳದು. ಅದಕ್ಕೆ ಮೊದಲು ಯಾರೂ ಹಾರಿಸದಿದ್ದ ವಿಮಾನದ ಗುಣಸ್ವಭಾವಗಳು ಅವರಿಗೆ ತಿಳಿದದ್ದಾದರೂ ಹೇಗೆ?

ಹಿಂದೆ ಇದೇ ಬೆಂಗಳೂರಿನಲ್ಲಿ ‘ಮಾರುತ್’ ವಿಮಾನ ತಯಾರಾದಾಗ, ಅದೇ ಅಳತೆಯ ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಮಾಡಿ, ಡಕೋಟಾದಿಂದ ಎಳೆಸಿ ಮೇಲಕ್ಕೆ ಒಯ್ದು, ೧೯೫೯ರಲ್ಲಿ ಹಾರಿಸಿ ನೋಡಿದ್ದರು. ಮಾರುತ್ ಹಾರಿದ್ದು ೧೯೬೧ರ ಜೂನ್‌ನಲ್ಲಿ. ತೇಜಸ್ಸಿನ ಕಾಲಕ್ಕೆ ಆ ಮರದ ವಿಮಾನದ ಸ್ಥಾನಕ್ಕೆ ಗಣಕಯಂತ್ರ ಬಂದಿತ್ತು. ಅದರ ಹೆಸರು ಸಿಮ್ಯುಲೇಟರ್; ನಮ್ಮ ಮಾತಿನಲ್ಲಿ ಅನುಕರಣ ಯಂತ್ರ ಎನ್ನಬಹುದು. ನೆಲದ ಮೇಲೆ ನಿಂತ ಒಂದು ಚಾಲಕನ ಕೋಣೆ, ಎದುರಿಗೆ ಆಕಾಶವನ್ನೂ ರನ್‌ವೇಯನ್ನೂ ತೋರಿಸುವ ತೆರೆ, ಹಿಂದೆ ಗಣಕ. ಗಾಳಿಸುರಂಗದಲ್ಲಿ ಮಾದರಿಗಳನ್ನಿಟ್ಟು ಅಳೆದ ಅಂಕಿಗಳನ್ನು ಅದರಲ್ಲಿ ತುಂಬಿರುತ್ತಾರೆ. ಚಾಲಕನು ಹಿಡಿಯನ್ನು ಅಲುಗಿಸಿದರೆ ವಿಮಾನ ಎತ್ತ ಹೊರಳುವುದೆಂದು ಗಣಕವು ಸೆಕೆಂಡಿಗೆ ಹತ್ತಾರು ಬಾರಿ ಲೆಕ್ಕ ಹಾಕಿ ತೆರೆಯ ಮೇಲೆ ತೋರಿಸುತ್ತದೆ. ತೇಜಸ್ಸಿಗಾಗಿ ಇಂಥ ಯಂತ್ರವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್.

ಈ ವಿಮಾನದ ಮೊದಲ ವಿಶೇಷವೆಂದರೆ ಅದು ಹುಟ್ಟಾ ಚಂಚಲ. ಹಗ್ಗದಲ್ಲಿ ತೂಗಿದ ಕೊಡವನ್ನು ತಳ್ಳಿದರೆ ಅದು ತಾನಾಗಿ ಸ್ವಸ್ಥಾನಕ್ಕೆ ಬರುತ್ತದೆ. ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲು ಹಾಗಲ್ಲ. ಕೈ ಒಂದು ಕ್ಷಣ ಮರೆತರೂ ಉರುಳಿತು. ತೇಜಸ್ ಈ ಕೋಲಿನ ಜಾತಿಯದು. ಚುರುಕಾಗಿ ತಿರುಗಲೆಂದೇ ಅದನ್ನು ಹಾಗೆ ರಚಿಸಿದ್ದಾರೆ. ಮನುಷ್ಯನ ಕೈ ಅದನ್ನು ನಿಲ್ಲಿಸಲಾರದು; ನಾಲ್ಕು ಸಾಲಿನ ಗಣಕವ್ಯವಸ್ಥೆ ಎಡೆಬಿಡದೆ ನಿಲ್ಲಿಸುತ್ತಿರುತ್ತದೆ. ಚಾಲಕನು ಹಿಡಿಯಿಂದ ತನ್ನ ಇಚ್ಛೆಯನ್ನು ಹೇಳುತ್ತಾನೆ. ಅದನ್ನು ನಡೆಸಿಕೊಡುವುದು ಗಣಕ. ಹೇಗೆ ನಡೆಸಬೇಕೆಂಬ ಸೂತ್ರಗಳನ್ನು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸಿನ ನೇತೃತ್ವದ ತಂಡ ರಚಿಸಿತು.

ಎರಡನೆಯದು ಇನ್ನೂ ಸೂಕ್ಷ್ಮ. ತೇಜಸ್ಸಿನ ರೆಕ್ಕೆ ತ್ರಿಕೋನಾಕಾರದ್ದು, ಹಿಂದೆ ಅಡ್ಡಬಾಲವಿಲ್ಲ. ಮೂತಿಯನ್ನು ಎತ್ತಬೇಕಾದರೆ ರೆಕ್ಕೆಯ ಹಿಂದಂಚಿನ ಹಲಗೆಗಳು ಮೇಲಕ್ಕೆ ಮಡಿಯಬೇಕು. ಮಡಿದೊಡನೆ ಬಾಲದ ಕಡೆ ಕೆಳಕ್ಕೆ ಒತ್ತಡ ಬಿದ್ದು, ‘ಏರು’ ಎಂದರೆ ವಿಮಾನವು ಮೊದಲು ಅಲ್ಪಸ್ವಲ್ಪ ಇಳಿದು ಅನಂತರ ಏರುತ್ತದೆ. ಎತ್ತರದಲ್ಲಿ ಇದು ಲೆಕ್ಕಕ್ಕೆ ಬಾರದು. ನೆಲ ಸಮೀಪಿಸಿದಾಗ ಒಂದೆರಡು ಅಡಿಯೂ ಲೆಕ್ಕವೇ. ಇಂಥ ವಿಮಾನ ಮೂತಿ ಎತ್ತಿಕೊಂಡೇ ಇಳಿಯುವುದು. ವೇಗ ಮೀರಿ ತಗ್ಗಿದರೆ ಗಾಳಿಯ ಎಳೆತ ಹೆಚ್ಚಿ, ನಿಧಾನವಾಗಿ ಹೋಗಲು ಎಂಜಿನ್ನಿಗೆ ಹೆಚ್ಚು ಬಲ ಕೊಡಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಬಚ್ಚಲುಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸುತ್ತೇವೆ. ನೀರು ಬಿಸಿಯಾಗಿ ಬರಲು ತುಸು ಹೊತ್ತು ಬೇಕು. ತಾಳ್ಮೆಗೆಟ್ಟು ಇನ್ನಷ್ಟು ತಿರುಗಿಸಿದರೆ ಮೈ ಸುಡುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ ತಣ್ಣೀರು ಸುರಿಯುತ್ತದೆ. ಹಿಡಿಯ ಅಪ್ಪಣೆಗೂ ವಿಮಾನದ ಚಲನೆಗೂ ನಡುವೆ ಸೆಕೆಂಡಿನ ಅಲ್ಪಾಂಶ ವಿಳಂಬವಾದರೂ ಹೀಗೆಯೇ ಚಾಲಕನೂ ವಿಮಾನವೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ, ಓಲಾಟ ಬೆಳೆಯುತ್ತದೆ. ಸ್ವೀಡನ್ನಿನ ಗ್ರಿಪೆನ್ ವಿಮಾನ ೧೯೮೯ರಲ್ಲಿ ಇಳಿಯುವಾಗ ಇದರಿಂದಲೇ ನೆಲಕ್ಕಪ್ಪಳಿಸಿತು. ೧೯೯೨ರಲ್ಲಿ ಅಮೆರಿಕದ ವೈ.ಎಫ್.-೨೨ಕ್ಕೂ ಇದೇ ಗತಿಯಾಯಿತು. ಎರಡರಲ್ಲೂ ಚಾಲಕರು ಬದುಕಿಕೊಂಡರು.

ಅನುಕರಣ ಯಂತ್ರದ ಮಿತಿ ಕಾಣುವುದು ಇಲ್ಲಿಯೇ. ತೆರೆಯ ಚಿತ್ರವೂ ತುಸು ತಡವಾಗಿಯೇ ಮೂಡುವುದರಿಂದ, ವಿಮಾನದಲ್ಲಿಲ್ಲದ ದೋಷ ಯಂತ್ರದಲ್ಲಿ ಕಾಣಬಹುದು. ಇದಕ್ಕಿಂತ ಕೆಟ್ಟದ್ದು, ಇರುವ ದೋಷ ಕಾಣದಿರುವುದು. ಕೋಣೆಯಲ್ಲಿ ಕುಳಿತವನಿಗೆ ಬೀಳುವ ಭಯವಿಲ್ಲ; ಕೈ ಹಗುರವಾಗಿರುತ್ತದೆ. ನಿಜವಾದ ನೆಲ ಎದ್ದು ಬರುವಾಗ ಅದೇ ಕೈ ಬಿಗಿಯುತ್ತದೆ. ಓಲಾಟಕ್ಕೆ ಕಾದಿದ್ದ ವಿಮಾನ ಆಗ ತನ್ನ ಗುಣ ತೋರಿಸುತ್ತದೆ. ಆದುದರಿಂದ ಪರೀಕ್ಷಕರು ಚಾಲಕನಿಗೆ ಸುಮ್ಮನೆ ಹಾರಿಸಲು ಹೇಳುವುದಿಲ್ಲ. ರನ್‌ವೇಗೆ ಓರೆಯಾಗಿ ಬಂದು ಕೊನೆಯ ಗಳಿಗೆಯಲ್ಲಿ ಸರಿಪಡಿಸಿ ಗುರುತಿನ ಮೇಲೆಯೇ ಇಳಿಸು ಎಂಬಂಥ ಕಠಿಣ ಕೆಲಸ ಕೊಡುತ್ತಾರೆ.

ಅಷ್ಟಕ್ಕೂ ನಿಲ್ಲದೆ, ೧೯೯೬ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳ ನಡತೆಯನ್ನು ತಾಳಬಲ್ಲ ಎಫ್-೧೬ ವಿಮಾನವೊಂದರಲ್ಲಿ ನಮ್ಮ ಸೂತ್ರಗಳನ್ನು ಹಾಕಿ ನಿಜವಾದ ಆಕಾಶದಲ್ಲಿ ಪರೀಕ್ಷಿಸಿದರು. ೧೯೯೮ರ ಪೋಖ್ರಾನ್ ಸ್ಫೋಟಗಳ ನಂತರ ನಿರ್ಬಂಧ ಬಂದು ಅಮೆರಿಕದ ಸಹಾಯ ನಿಂತಿತು. ಉಳಿದ ಕಾರ್ಯ ಬೆಂಗಳೂರಿನಲ್ಲಿಯೇ ಮುಗಿಯಿತು.

ಮೊದಲ ಹಾರಾಟದ ನಂತರ ೨೦೨೪ರ ಮಾರ್ಚಿಯವರೆಗೆ ಒಂದು ತೇಜಸ್ಸೂ ಬೀಳಲಿಲ್ಲ. ಆ ತಿಂಗಳು ಜೈಸಲ್ಮೇರ್ ಬಳಿ ಒಂದು ಬಿತ್ತು, ಚಾಲಕ ಪಾರಾದರು; ೨೦೨೫ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ಇನ್ನೊಂದು ಬಿದ್ದು ಚಾಲಕರು ಪ್ರಾಣ ತೆತ್ತರು. ಆಕಾಶ ಹೇಳಿಕೊಡುವ ಪಾಠ ಎಂದೂ ಮುಗಿಯುವುದಿಲ್ಲ. ಆ ಪಾಠದ ಬಹುಭಾಗವನ್ನು ಪ್ರಾಣಹಾನಿಯಿಲ್ಲದೆ ನೆಲದ ಮೇಲೆಯೇ ಕಲಿಸುವುದು ಅನುಕರಣ ಯಂತ್ರದ ಉಪಕಾರ. ಅಲ್ಲಿ ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆಂದು ತಿಳಿಯದಿರುವುದು ಅದನ್ನು ಬಳಸುವವರ ವಿವೇಕ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ತಲೆಯ ಮೇಲೆ ಗುಡುಗಿ ಹೊರಳುವಾಗ, ಆ ಒಂದು ಹೊರಳಿಗಾಗಿ ಕೋಣೆಯೊಳಗೆ ನಡೆದ ಎಷ್ಟೋ ಹಾರಾಟಗಳನ್ನೂ ನಾವು ನೆನೆಯಬೇಕು.